ತಾರೀಖಿಗೆ ಸಿಗದ ಸೋಮವಾರ

ಮುಡುಕುತೊರೆಯ ಬೆಟ್ಟ ಹತ್ತಿ ಮಲ್ಲಿಕಾರ್ಜುನನ ಗುಡಿಯ ಹೊರಗೆ ನಿಂತರೆ ಕೆಳಗೆ ಕಾವೇರಿ ಕಾಣುತ್ತಾಳೆ. ಹೊಳೆ ಇಲ್ಲಿ ನೇರ ಹೋಗದೆ ಮುಡುಕಿಕೊಂಡು ಹರಿಯುತ್ತದೆ, ಊರಿಗೆ ಆ ಹೆಸರು ಬಂದದ್ದೇ ಅದರಿಂದ ಎಂದು ಇಲ್ಲಿಯವರು ಹೇಳುತ್ತಾರೆ. ಒಂದು ಕಡೆ ಗದ್ದೆ ಬಯಲು, ಇನ್ನೊಂದು ಕಡೆ ತಲಕಾಡಿನ ಮರಳು. ಬೆಟ್ಟಕ್ಕೆ ಸೋಮಗಿರಿ ಎಂಬ ಹೆಸರೂ ಉಂಟು. ಮಾಘಮಾಸದ ಜಾತ್ರೆಯಲ್ಲಿ ತೇರು, ತೆಪ್ಪ, ದನಗಳ ಪರಿಷೆ ಎಲ್ಲವೂ ಈ ಬೆಟ್ಟದ ಬುಡದಲ್ಲೇ. ಆದರೆ ಈ ಊರಿನ ಹೆಸರು ನಾಡಿನ ಎಲ್ಲರ ಬಾಯಿಗೆ ಬರುವುದು ಬೇರೊಂದು ದಿನ. ಅದು ಎಲ್ಲ ವರ್ಷವೂ ಬರುವುದಿಲ್ಲ. ಬಂದಾಗ ಯಾವ ತಾರೀಖಿಗೆ ಬರುತ್ತದೆಂದು ಗೋಡೆಯ ಕ್ಯಾಲೆಂಡರ್ ನೋಡಿ ಮೊದಲೇ ಹೇಳಲೂ ಆಗುವುದಿಲ್ಲ. ಅದೇ ಪಂಚಲಿಂಗ ದರ್ಶನದ ದಿನ.

ಈ ಸೀಮೆಯ ಹಳಬರು ವಯಸ್ಸು ಲೆಕ್ಕ ಹಾಕುವ ಕ್ರಮ ಕೇಳಿದವರಿಗೆ ಇದು ಗೊತ್ತಿರುತ್ತದೆ. "ಹೋದ್ ಪಂಚಲಿಂಗಕ್ಕೆ ಇವ್ನು ಕೈಕೂಸು" ಎಂದರೆ ಮುಗಿಯಿತು, ಇಸವಿ ಬೇಕಿಲ್ಲ. "ಅದ್ರ್ ಹಿಂದಿನ್ ಪಂಚಲಿಂಗ ನಮ್ಮಪ್ಪ ಇದ್ದಾಗ" ಎಂದರೆ ಸಾವಿನ ಕಾಲವೂ ತಿಳಿಯಿತು. ನಾವು ಜನನ ಪ್ರಮಾಣಪತ್ರಕ್ಕೆ ತಾರೀಖು ಹುಡುಕುತ್ತೇವೆ. ಅವರು ಬೆಟ್ಟ ನೋಡಿ ಹೇಳುತ್ತಾರೆ.

ಒಂದು ದಿನಕ್ಕೆ ಚರಿತ್ರೆ ಅಂಟಿಕೊಳ್ಳುವುದು ಹೇಗೆ ಎಂಬುದು ಈ ಲೇಖನದ ಪ್ರಶ್ನೆ. ಪತ್ರಿಕೆಗಳಲ್ಲಿ "ಇತಿಹಾಸದಲ್ಲಿ ಈ ದಿನ" ಎಂಬ ಚಿಕ್ಕ ಅಂಕಣ ಬರುತ್ತದೆ. ನಾನು ಅದನ್ನು ತಪ್ಪದೆ ಓದುವವನು. ಡಿಸೆಂಬರ್ 14ನ್ನೇ ತೆಗೆದುಕೊಳ್ಳೋಣ. 1911ರ ಈ ದಿನ ನಾರ್ವೆಯ ಅಮುಂಡ್ಸೆನ್ ದಕ್ಷಿಣ ಧ್ರುವ ಮುಟ್ಟಿದ. 1918ರ ಈ ದಿನ ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಬಿ.ಕೆ.ಎಸ್. ಅಯ್ಯಂಗಾರ್ ಹುಟ್ಟಿದರು. 2018ರ ಈ ದಿನ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಕಿಚ್ಚುಗುತ್ತಿ ಮಾರಮ್ಮನ ಪ್ರಸಾದ ಉಂಡು 17 ಜನ ಸತ್ತರು. 2020ರ ಈ ದಿನ ತಲಕಾಡು, ಮುಡುಕುತೊರೆಗಳಲ್ಲಿ ಪಂಚಲಿಂಗ ದರ್ಶನ ನಡೆಯಿತು. ನಾಲ್ಕೂ ನಿಜ, ನಾಲ್ಕೂ ಒಂದೇ ತಾರೀಖು. ಆದರೆ ಹಿಮದ ನಾಡಿನ ಆ ಯಾತ್ರೆಗೂ ಅಯ್ಯಂಗಾರರ ಹುಟ್ಟಿಗೂ ನಂಟೇನು? ತಾರೀಖು ಇಲ್ಲಿ ಒಂದೇ ಛತ್ರದಲ್ಲಿ ತಂಗಿದ ನಾಲ್ವರು ಅಪರಿಚಿತರನ್ನು ಒಟ್ಟಿಗೆ ಕೂರಿಸಿದೆ, ಅಷ್ಟೇ. ಪಂಚಲಿಂಗದ ದಿನದ ಬಗೆ ಹಾಗಲ್ಲ. ಅದು ಮತ್ತೆ ಮತ್ತೆ ಬರುವ ದಿನ, ಪ್ರತಿ ಸಲವೂ ತನ್ನ ಹಿಂದಿನ ಸಲವನ್ನು ನೆನಪಿಗೆ ತರುವ ದಿನ.

ಆ ದಿನದ ಲಕ್ಷಣ ಏನು? ಕಾರ್ತಿಕಮಾಸದ ಅಮಾವಾಸ್ಯೆ ಸೋಮವಾರ ಬರಬೇಕು. ಇದು ಮೂಲ ಕಟ್ಟಳೆ. ಅದರ ಜೊತೆಗೆ ಕುಹೂಯೋಗ, ವಿಶಾಖ ನಕ್ಷತ್ರ ಕೂಡಬೇಕು ಎಂದು ಹೇಳುವುದುಂಟು. ಕುಹೂ ಎಂದರೆ ಚಂದ್ರ ಒಂದಿಷ್ಟೂ ಕಾಣದ ಅಮಾವಾಸ್ಯೆ. ವೇದಕಾಲದಿಂದ ಬಂದ ಮಾತು. ಸೋಮನ ಹೆಸರಿನ ವಾರದಲ್ಲಿ, ಸೋಮ ಪೂರಾ ಮರೆಯಾದ ದಿನ, ಸೋಮಗಿರಿಯನ್ನು ಹತ್ತುವುದು. ಇದನ್ನು ಮೊದಲು ಕಂಡುಕೊಂಡವರ ಮನಸ್ಸಿನ ಸೊಗಸಿಗೆ ನಾನು ಕೈಮುಗಿಯುತ್ತೇನೆ.

ದರ್ಶನದ ದಾರಿ ಹೀಗೆ: ಗೋಕರ್ಣ ತೀರ್ಥದಲ್ಲಿ ಮಿಂದು ವೈದ್ಯನಾಥೇಶ್ವರನಿಂದ ತೊಡಗಬೇಕು. ವಿಜಯಪುರದ ಅರ್ಕೇಶ್ವರ, ತಲಕಾಡಿನ ಮರಳ ನಡುವಿನ ಪಾತಾಳೇಶ್ವರ ಮತ್ತು ಮರುಳೇಶ್ವರ, ಮುಡುಕುತೊರೆಯ ಮಲ್ಲಿಕಾರ್ಜುನ, ಇಷ್ಟನ್ನೂ ಒಂದೇ ದಿನದಲ್ಲಿ ಕಂಡು ಮುಗಿಸಬೇಕು. ಐದು ಲಿಂಗಗಳು ಶಿವನ ಐದು ಮುಖಗಳು ಎಂಬುದು ನಂಬಿಕೆ. ಮೂರು ಲಿಂಗ ಮರಳಿನಲ್ಲಿ, ಒಂದು ಹೊಳೆಯ ಪಕ್ಕದ ಊರಿನಲ್ಲಿ, ಕೊನೆಯದು ಬೆಟ್ಟದ ಮೇಲೆ. ಮರಳಲ್ಲಿ ಕಾಲು ಹುಗಿದು ನಡೆದವರಿಗೆ ಆ ಕೊನೆಯ ಏರು ಎಷ್ಟು ಕಷ್ಟ ಎಂಬುದು ಮಂಡಿ ಹೇಳುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಓದುಗರು ಸ್ವಲ್ಪ ತಾಳ್ಮೆಯಿಂದ ಜೊತೆಗೆ ಬರಬೇಕು, ಈ ಲೆಕ್ಕದಲ್ಲೇ ವಿಷಯದ ರುಚಿ ಇದೆ.

ಪಂಚಲಿಂಗ ದರ್ಶನ ಹನ್ನೆರಡು ವರ್ಷಕ್ಕೊಮ್ಮೆ ಎಂದು ಎಷ್ಟೋ ಕಡೆ ಬರೆದಿರುತ್ತಾರೆ. ಅದು ಸರಿಯಲ್ಲ. 1952ರಿಂದ ಈಚೆಗೆ ಕಾರ್ತಿಕದ ಅಮಾವಾಸ್ಯೆ ಸೋಮವಾರ ಬಂದ ದಿನಗಳನ್ನು ಸಾಲಾಗಿ ನೋಡಿ: 1952ರ ನವೆಂಬರ್ 17, 1959ರ ನವೆಂಬರ್ 30, 1966ರ ಡಿಸೆಂಬರ್ 12, 1979ರ ನವೆಂಬರ್ 19, 1986ರ ಡಿಸೆಂಬರ್ 1, 1993ರ ಡಿಸೆಂಬರ್ 13, 2006ರ ನವೆಂಬರ್ 20, 2009ರ ನವೆಂಬರ್ 16, 2013ರ ಡಿಸೆಂಬರ್ 2, 2020ರ ಡಿಸೆಂಬರ್ 14. ನಡುವಿನ ಅಂತರ 7, 7, 13, 7, 7, 13, 3, 4, 7 ವರ್ಷ. ಹನ್ನೆರಡು ಎಲ್ಲೂ ಇಲ್ಲ. ಕುಂಭಮೇಳದ ಹನ್ನೆರಡು ಇಲ್ಲಿಗೂ ಬಂದು ಸೇರಿಕೊಂಡಿರಬೇಕು.

ಏಳು, ಏಳು, ಹದಿಮೂರು. ಕೂಡಿದರೆ ಇಪ್ಪತ್ತೇಳು. ಈ ಇಪ್ಪತ್ತೇಳರಲ್ಲಿ ಗುಟ್ಟಿದೆ. ಒಂದು ಅಮಾವಾಸ್ಯೆಯಿಂದ ಮುಂದಿನದಕ್ಕೆ ಸರಾಸರಿ ಇಪ್ಪತ್ತೊಂಬತ್ತೂವರೆ ದಿನಕ್ಕಿಂತ ಕೊಂಚ ಹೆಚ್ಚು. 87 ಅಮಾವಾಸ್ಯೆ ಕಳೆದರೆ 2569 ದಿನ, ಅಂದರೆ ಸರಿಯಾಗಿ 367 ವಾರ. ಅದು ಏಳು ವರ್ಷದ ಹೆಜ್ಜೆ. 160 ಅಮಾವಾಸ್ಯೆ ಕಳೆದರೆ 4725 ದಿನ, ಅಂದರೆ 675 ವಾರ; ಅದು ಹದಿಮೂರರ ಹೆಜ್ಜೆ. ಎರಡು ಚಿಕ್ಕ ಹೆಜ್ಜೆ, ಒಂದು ದೊಡ್ಡ ಹೆಜ್ಜೆ ಸೇರಿದರೆ 334 ಅಮಾವಾಸ್ಯೆ, 9863 ದಿನ, 1409 ವಾರ. ವಾರ ತಪ್ಪುವುದಿಲ್ಲ, ತಿಥಿ ತಪ್ಪುವುದಿಲ್ಲ, ಋತು ಕೂಡ ಒಂದೆರಡು ದಿನದಷ್ಟೇ ಸರಿಯುತ್ತದೆ. 1952ರ ದಿನ 1979ರಲ್ಲಿ ಮರಳಿತು, 1979ರದು 2006ರಲ್ಲಿ. 1959ರದು 1986ರಲ್ಲಿ, ಮತ್ತೆ 2013ರಲ್ಲಿ. 1966ರದು 1993ರಲ್ಲಿ, ಮತ್ತೆ 2020ರಲ್ಲಿ. ಪ್ರತಿ ಸಲ ಇಂಗ್ಲಿಷ್ ತಾರೀಖು ಮಾತ್ರ ಒಂದೆರಡು ಹೆಜ್ಜೆ ಮುಂದೆ. ಡಿಸೆಂಬರ್ 12, ಡಿಸೆಂಬರ್ 13, ಡಿಸೆಂಬರ್ 14. ಮೂರೂ ಪಂಚಲಿಂಗದ ಸೋಮವಾರ.

ಈ ಸಾಲಿಗೆ ಸೇರದ ಒಂದೇ ಒಂದು ವರ್ಷ 2009. ಅದಕ್ಕೆ ಇಪ್ಪತ್ತೇಳು ವರ್ಷ ಹಿಂದೆ ಹೋದರೆ 1982ರ ನವೆಂಬರ್ 15. ಆ ದಿನವೂ ಸೋಮವಾರ, ಆ ದಿನವೂ ಅಮಾವಾಸ್ಯೆ. ಆದರೆ ಅಂದು ದೀಪಾವಳಿ! ಆ ವರ್ಷ ಅಧಿಕ ಆಶ್ವಯುಜ ಬಂದಿದ್ದರಿಂದ ಆ ಅಮಾವಾಸ್ಯೆ ಆಶ್ವಯುಜದ ಪಾಲಾಯಿತು, ಕಾರ್ತಿಕಕ್ಕೆ ಸಿಗಲಿಲ್ಲ. ಮಾಸ ಯಾವುದೆಂದು ತೀರ್ಮಾನಿಸುವುದು ಆ ಮಾಸದೊಳಗೆ ಬೀಳುವ ಸಂಕ್ರಮಣ. ವೃಶ್ಚಿಕ ಸಂಕ್ರಮಣ ಬರುವುದು ನವೆಂಬರ್ 16ರ ಆಸುಪಾಸಿಗೆ. 1982ರಲ್ಲಿ ಅಮಾವಾಸ್ಯೆ ಮುಗಿದ ಮೇಲೆ ಸಂಕ್ರಮಣವಾಯಿತು. 2009ರಲ್ಲಿ ಅಮಾವಾಸ್ಯೆ ಮುಗಿಯುವ ಮೊದಲೇ ಆಗಿಹೋಯಿತು. ಅಷ್ಟು ಸಣ್ಣ ಅಂತರ ಒಂದು ಊರಿಗೆ ಲಕ್ಷಾಂತರ ಜನರನ್ನು ತರುತ್ತದೆ, ಇಲ್ಲವೇ ಆ ಊರನ್ನು ದೀಪಾವಳಿಯ ಎಣ್ಣೆಸ್ನಾನಕ್ಕೆ ಬಿಟ್ಟುಬಿಡುತ್ತದೆ. 2006ರಲ್ಲಿ ಬಂದದ್ದು ಮೂರೇ ವರ್ಷಕ್ಕೆ 2009ರಲ್ಲಿ ಮತ್ತೆ ಬಂದಾಗ ಬೆರಗಾದವರಿಗೆ ಉತ್ತರ ಇದೇ.

ನಕ್ಷತ್ರದ ಮಾತೊಂದು ಉಳಿಯಿತು. ಅಮಾವಾಸ್ಯೆಯಂದು ಸೂರ್ಯ ಚಂದ್ರರು ಒಂದೇ ನಕ್ಷತ್ರದಲ್ಲಿರುತ್ತಾರೆ. ನವೆಂಬರ್ ಮೊದಲ ವಾರದಿಂದ 19ರವರೆಗೆ ಸೂರ್ಯ ವಿಶಾಖದಲ್ಲಿ, ಆಮೇಲೆ ಡಿಸೆಂಬರ್ 2ರವರೆಗೆ ಅನುರಾಧದಲ್ಲಿ, ಅಲ್ಲಿಂದ 15ರವರೆಗೆ ಜ್ಯೇಷ್ಠದಲ್ಲಿ. ಆದ್ದರಿಂದ 2009ರ ಸೋಮವಾರ ವಿಶಾಖ ಸಿಕ್ಕಿತು. 2020ರಲ್ಲಿ ಸಿಗಲಿಲ್ಲ, ಅಂದು ಜ್ಯೇಷ್ಠ. ಆದರೂ ದರ್ಶನ ನಡೆಯಿತು. ವಿಶಾಖ ಇದ್ದರೆ ವಿಶೇಷ, ಇಲ್ಲದಿದ್ದರೆ ದರ್ಶನಕ್ಕೆ ಅಡ್ಡಿ ಇಲ್ಲ ಎಂಬುದೇ ಬಳಕೆಯ ತೀರ್ಪು. ನನ್ನ ತೀರ್ಪೂ ಅದೇ. ಕಾರ್ತಿಕ, ಅಮಾವಾಸ್ಯೆ, ಸೋಮವಾರ. ಈ ಮೂರೇ ಗಟ್ಟಿ.

ಇನ್ನೊಂದು ಸಂಗತಿ ಕಂಡು ನನಗೆ ಹಿಗ್ಗಾಯಿತು. ಕಾರ್ತಿಕದ ಕೊನೆಯ ದಿನ ಸೋಮವಾರವಾದರೆ, ಮಾಸ 29 ದಿನದ್ದಾಗಲಿ 30 ದಿನದ್ದಾಗಲಿ, ಅದರೊಳಗೆ ಐದು ಸೋಮವಾರ ಇದ್ದೇ ಇರುತ್ತವೆ. 2020ರಲ್ಲಿ ನವೆಂಬರ್ 16, 23, 30, ಡಿಸೆಂಬರ್ 7, 14. ಬೇರೆ ವರ್ಷಗಳಲ್ಲಿ ಸಾಮಾನ್ಯವಾಗಿ ನಾಲ್ಕು. ಐದು ಲಿಂಗ, ಐದು ಸೋಮವಾರ. ಇದನ್ನು ಕಟ್ಟಿದವರಿಗೆ ಗಣಿತ ಗೊತ್ತಿತ್ತು, ಕಾವ್ಯವೂ ಗೊತ್ತಿತ್ತು.

ಅಂದಹಾಗೆ 2020ರ ಆ ಡಿಸೆಂಬರ್ 14ರಂದು ಪೂರ್ಣ ಸೂರ್ಯಗ್ರಹಣ. ಚಿಲಿ ಮತ್ತು ಅರ್ಜೆಂಟೀನದಲ್ಲಿ ಹಗಲು ಕತ್ತಲಾಯಿತು, ನಮ್ಮಲ್ಲಿ ಕಾಣಲಿಲ್ಲ. ಅಮಾವಾಸ್ಯೆ ಇಡೀ ಭೂಮಿಗೆ ಒಂದೇ, ಅದನ್ನು ಆಚರಿಸುವ ಬೆಟ್ಟಗಳು ಬೇರೆ ಬೇರೆ. ಇಲ್ಲಿ ಅಂದು ಕೋವಿಡ್ ನಿರ್ಬಂಧ. ಜನರ ಸಂಖ್ಯೆಗೆ ಮಿತಿ, ಬಾಯಿಗೆ ಮಾಸ್ಕ್. ಎಷ್ಟೋ ಮನೆಗಳ ಹಿರಿಯರು ಟಿ.ವಿ. ಮುಂದೆ ಕೂತೇ ಕೈಮುಗಿದರು. ಇಡೀ ಸರಣಿಯಲ್ಲಿ ಅಷ್ಟು ಮೌನದ ಪಂಚಲಿಂಗ ಇನ್ನೊಂದು ಇರಲಾರದು.

ಇದೇ ಹರವಿನ ಬೇರೆ ದಿನಗಳನ್ನು ನೋಡೋಣ. ತಲಕಾಡು, ತಿರುಮಕೂಡಲು, ನಂಜನಗೂಡು. ಕಾವೇರಿ ಕಪಿಲೆಯರ ನಡುವಿನ ಈ ನೆಲದಲ್ಲಿ ನಡೆದ ದೊಡ್ಡ ಸಂಗತಿಗಳಿಗೆ ಲೆಕ್ಕವಿಲ್ಲ. ಗಂಗರ ರಾಜಧಾನಿ ಚೋಳರ ಪಾಲಾಗಿ ರಾಜರಾಜಪುರವಾಯಿತು. ಆ ಮೇಲೆ, 1116ರ ಸುಮಾರಿಗೆ, ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಚೋಳರ ಸಾಮಂತ ಅದಿಯಮನನ್ನು ಸೋಲಿಸಿ ತಲಕಾಡನ್ನು ಗೆದ್ದ, ದೊರೆ ತಲಕಾಡುಗೊಂಡ ಎನಿಸಿದ. ಕನ್ನಡ ನಾಡಿನ ಚರಿತ್ರೆ ಹೊರಳಿದ ದಿನ ಅದು. ಆದರೆ ಆ ದಿನ ಯಾವುದು? ವಾರ, ತಿಥಿ ಹೇಳುವ ಗಟ್ಟಿ ಸಾಕ್ಷ್ಯ ನಮ್ಮ ಕೈಲಿಲ್ಲ. ಗೆಲುವಿನ ನೆನಪಿಗೆ ತಲಕಾಡಿನಲ್ಲಿ ಎದ್ದ ಕೀರ್ತಿನಾರಾಯಣ ಗುಡಿ ಇದೆ. ಅದೇ ಗೆಲುವಿನೊಡನೆ ಸೇರಿಸಿ ಹೇಳುವ ಬೇಲೂರಿನ ಗುಡಿಗೆ ಮಾತ್ರ ಖಚಿತ ದಿನವಿದೆ: ಶಕವರ್ಷ 1039, ಹೇಮಳಂಬಿ ಸಂವತ್ಸರ, ಚೈತ್ರ ಶುದ್ಧ ಪಂಚಮಿ, ಶನಿವಾರ. ಅದು 1117ರ ಮಾರ್ಚ್ 10. ನಾನೇ ಕೂತು ವಾರ ಲೆಕ್ಕ ಹಾಕಿದೆ; ಶನಿವಾರವೇ ಬಂತು. ಒಂಬತ್ತು ಶತಮಾನದ ಹಿಂದಿನ ಕಲ್ಲು ಹೇಳಿದ ವಾರ ಇಂದಿನ ಲೆಕ್ಕಕ್ಕೆ ಕೂಡಿಬಂದಾಗ ಆಗುವ ಪುಳಕ ಬೇರೆ. ಯುದ್ಧದ ದಿನ ಮರೆಯಿತು, ಪ್ರತಿಷ್ಠೆಯ ದಿನ ಉಳಿಯಿತು.

ಈ ವ್ಯತ್ಯಾಸಕ್ಕೆ ಕಾರಣ ಶಾಸನಗಳ ಸ್ವಭಾವ. ಬೆಂಜಮಿನ್ ಲೂಯಿಸ್ ರೈಸ್ 1894ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ತಿರುಮಕೂಡಲು ನರಸೀಪುರ, ನಂಜನಗೂಡು ತಾಲ್ಲೂಕುಗಳ ಶಾಸನಗಳಿವೆ. ಪುಟ ತಿರುವಿದರೆ ಬಹುಪಾಲು ದಾನದ ಬರಹಗಳೇ. ಗದ್ದೆ, ತೋಟ, ನಂದಾದೀಪಕ್ಕೆ ಎಣ್ಣೆ, ಕೆರೆಗೆ ಬಿತ್ತುವಟ್ಟ. ದಾನ ಕೊಡುವವರು ಗ್ರಹಣ, ಸಂಕ್ರಮಣ, ವ್ಯತೀಪಾತ, ಸೋಮವಾರ ಎಂದು ಪುಣ್ಯಕಾಲ ಹುಡುಕಿ ಕೊಡುತ್ತಿದ್ದರು. ಕೊಟ್ಟದ್ದು ಊರ್ಜಿತವಾಗಬೇಕಾದರೆ ದಿನ ಕಲ್ಲಿನ ಮೇಲೆ ನಿಲ್ಲಬೇಕಲ್ಲವೇ. ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಎಂದು ಐದಾರು ಗೂಟ ನೆಟ್ಟು ದಿನವನ್ನು ಬಿಗಿಯುತ್ತಿದ್ದರು. ಒಂದು ಗೂಟ ಕಿತ್ತರೂ ಮಿಕ್ಕವು ಹಿಡಿದಿರುತ್ತವೆ. ಎಲ್.ಡಿ. ಸ್ವಾಮಿಕಣ್ಣು ಪಿಳ್ಳೈ 1922ರ ಹೊತ್ತಿಗೆ ಕ್ರಿ.ಶ. 700ರಿಂದ 1799ರವರೆಗಿನ ಪ್ರತಿ ದಿನದ ಪಂಚಾಂಗ ಕಟ್ಟಿಕೊಟ್ಟರು. ಅಂದಿನಿಂದ ಈ ಗೂಟಗಳನ್ನು ಒಂದೊಂದಾಗಿ ಅಲುಗಿಸಿ ನೋಡುವ ಕೆಲಸ ವಿದ್ವಾಂಸರಿಗೆ ಹಗುರವಾಯಿತು. ತಿಥಿಗೂ ವಾರಕ್ಕೂ ಹೊಂದದಿದ್ದರೆ ಆ ಶಾಸನದ ಮೇಲೆ ಅನುಮಾನ. ಹೊಂದಿದರೆ ಅದು ಚರಿತ್ರೆಗೆ ಒದಗುತ್ತದೆ.

ಇವುಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಗೂಟ ವಾರ. 1582ರಲ್ಲಿ ರೋಮಿನ ಪೋಪ್ ಕ್ಯಾಲೆಂಡರ್ ತಿದ್ದಿದಾಗ ಅಕ್ಟೋಬರ್ 4ರ ಮಾರನೆಯ ದಿನ ಅಕ್ಟೋಬರ್ 15 ಆಯಿತು. ಹತ್ತು ತಾರೀಖು ಮಾಯ. ಆದರೆ ಗುರುವಾರದ ಮಾರನೆಯ ದಿನ ಶುಕ್ರವಾರವೇ. ಬ್ರಿಟನ್ 1752ರಲ್ಲಿ ಹನ್ನೊಂದು ತಾರೀಖು ಹಾರಿತು. ಅಲ್ಲೂ ಬುಧವಾರದ ಮೇಲೆ ಗುರುವಾರ. ನಮ್ಮದೇ ನೆಲದಲ್ಲಿ ಟಿಪ್ಪು ಸುಲ್ತಾನ ಮೌಲೂದಿ ಎಂಬ ತನ್ನದೇ ಶಕೆ ತಂದ, ಅದರ ಸಂವತ್ಸರಗಳಿಗೂ ತಿಂಗಳುಗಳಿಗೂ ತನ್ನದೇ ಹೆಸರಿಟ್ಟ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು, ಜೂನ್ 30ರಂದು ಮುಮ್ಮಡಿ ಕೃಷ್ಣರಾಜ ಒಡೆಯರ ಪಟ್ಟಾಭಿಷೇಕವಾದ ಮೇಲೆ ಆ ಶಕೆಯೂ ಹೋಯಿತು. ಸ್ವತಂತ್ರ ಭಾರತ ಮೇಘನಾದ ಸಹಾ ಸಮಿತಿಯ ಸಲಹೆಯಂತೆ 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗ ಜಾರಿಗೆ ತಂದಿತು. ಸರ್ಕಾರಿ ಗೆಜೆಟ್ಟಿನ ಮೇಲ್ಗಡೆ ಅದಿನ್ನೂ ಇದೆ, ಜನರ ಬಾಯಲ್ಲಿಲ್ಲ. ಇಷ್ಟೆಲ್ಲ ಆದರೂ ಮುಡುಕುತೊರೆಯ ಸೋಮವಾರ ಮಾತ್ರ ಸೋಮವಾರವಾಗೇ ಉಳಿದಿದೆ. ಚಂದ್ರನಿಗೆ ಯಾವ ಸರ್ಕಾರದ ಆಜ್ಞೆಯೂ ಮುಟ್ಟುವುದಿಲ್ಲ.

ತಲಕಾಡಿನ ಇನ್ನೊಂದು ದಿನದ ಮಾತು ಎತ್ತದೆ ಹೋಗುವಂತಿಲ್ಲ. ಅಲಮೇಲಮ್ಮ ಹೊಳೆಗೆ ಹಾರಿದ ದಿನ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣ ಹಿಡಿದರು, ಅದೇ ವರ್ಷ ಮೊದಲ ದಸರೆ ನಡೆಯಿತು. ಅದರ ಬೆನ್ನಿಗೇ, ಹೊಳೆಗೆ ಹಾರುವ ಮುನ್ನ ಅಲಮೇಲಮ್ಮ ಕೊಟ್ಟ ಶಾಪದ ಕಥೆ ಬರುತ್ತದೆ. ತಲಕಾಡು ಮರಳಾಗಲಿ, ಎದುರು ದಡದ ಮಾಲಂಗಿ ಮಡುವಾಗಲಿ ಎಂಬುದು ಎಲ್ಲರಿಗೂ ಗೊತ್ತು. ನಾಡಿಗೆಲ್ಲ ಗೊತ್ತಿರುವ ಈ ದಿನಕ್ಕೆ ತಿಥಿಯೂ ಇಲ್ಲ, ತಾರೀಖೂ ಇಲ್ಲ. ವಿಜ್ಞಾನಿಯೂ ಕಾದಂಬರಿಕಾರರೂ ಆದ ಕೆ.ಎನ್. ಗಣೇಶಯ್ಯ 2007ರಲ್ಲಿ ಪ್ರಕಟಿಸಿದ ಸಂಶೋಧನ ಲೇಖನದಲ್ಲಿ ಈ ಮರಳನ್ನು ವಿಜಯನಗರ ಕಾಲದ ಮಾಧವಮಂತ್ರಿ ಕಟ್ಟೆಯೊಡನೆ ಜೋಡಿಸಿ ನೋಡಿದರು. ಹೊಳೆಗೆ ಅಡ್ಡಕಟ್ಟೆ ಬಿದ್ದು, ನೀರಿನ ಹರಿವು ಬದಲಾಗಿ, ಬಯಲಾದ ಮರಳನ್ನು ಗಾಳಿ ಊರಿನ ಮೇಲೆ ತಂದು ಸುರಿಯಿತು ಎಂಬುದು ಅವರ ವಾದದ ಜಾಡು. ಹಾಗೆ ನೋಡಿದರೆ ಮರಳು ಶಾಪಕ್ಕಿಂತ ಹಳೆಯದು. ನನಗೆ ಈ ವಾದ ಒಪ್ಪಿಗೆ. ಆದರೆ ಮರಳು ಬಂದದ್ದು ಒಂದು ದಿನದಲ್ಲಲ್ಲ, ತಲೆಮಾರುಗಟ್ಟಲೆ. ಅಷ್ಟು ನಿಧಾನದ ಅನಾಹುತವನ್ನು ನೆನಪಿಡಲು ಜನಕ್ಕೆ ಒಂದು ದಿನ ಬೇಕಾಯಿತು, ಒಬ್ಬ ಹೆಂಗಸಿನ ದುಃಖ ಬೇಕಾಯಿತು. ಅವಳ ಹೆಸರಿನಲ್ಲಿ ಅದು ಉಳಿಯಿತು. ಆ ಮಾಧವಮಂತ್ರಿ ಕಟ್ಟೆಯ ನೀರು ಇಂದಿಗೂ ಗದ್ದೆಗೆ ಹರಿಯುತ್ತದೆ.

ಹೊಸ ದಿನಗಳೂ ಹುಟ್ಟುತ್ತವೆ. ಕಾವೇರಿ, ಕಪಿಲೆ ಕೂಡುವ ತಿರುಮಕೂಡಲಿನಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಸುವ ಪದ್ಧತಿ ಬಂತು. 2019ರಲ್ಲಿ ಫೆಬ್ರವರಿ 17ರಿಂದ 19, 2025ರಲ್ಲಿ ಫೆಬ್ರವರಿ 10ರಿಂದ 12. ಇದು ನಮ್ಮ ಕಣ್ಣೆದುರೇ ಬೇರುಬಿಟ್ಟ ಆಚರಣೆ. ಮೊದಲ ಮೇಳ ಕಂಡವರು ಇನ್ನೂ ಇದ್ದಾರೆ. ನಂಜನಗೂಡಿನ ದೊಡ್ಡ ಜಾತ್ರೆಯದು ಅದಕ್ಕಿಂತ ಎಷ್ಟೋ ಹಳೆಯ ಲೆಕ್ಕ. ಫಾಲ್ಗುಣದಲ್ಲಿ ಗಣಪತಿ, ಶ್ರೀಕಂಠೇಶ್ವರ, ಅಮ್ಮನವರು, ಸುಬ್ರಹ್ಮಣ್ಯ, ಚಂಡಿಕೇಶ್ವರ ಎಂದು ಐದು ತೇರು ಹೊರಡುತ್ತವೆ. ಅಲ್ಲೂ ಐದು!

ಇಷ್ಟು ಹೇಳಿ ನಿಲ್ಲಿಸಿದ್ದರೆ ಈ ಸಮೀಕ್ಷೆ ಹಬ್ಬದ ದಿನಗಳ ಪಟ್ಟಿಯಾಗುತ್ತಿತ್ತು. ಪಂಚಾಂಗಕ್ಕೆ ಸೇರದ ದಿನಗಳೂ ಈ ನೆಲದಲ್ಲಿವೆ. ಅವು ಪೊಲೀಸ್ ಠಾಣೆಯ, ಕೋರ್ಟಿನ, ಪತ್ರಿಕೆಯ ತಾರೀಖಿನಲ್ಲಿವೆ. 1947ರ ಸೆಪ್ಟೆಂಬರ್ 13ರಂದು, ಮೈಸೂರು ಚಲೋ ಚಳವಳಿಯಲ್ಲಿ, ವಿದ್ಯಾರ್ಥಿ ರಾಮಸ್ವಾಮಿ ಮೈಸೂರಿನ ಬೀದಿಯಲ್ಲಿ ಗುಂಡಿಗೆ ಬಲಿಯಾದ. ಅವನು ಬಿದ್ದ ಕಡೆ ಇಂದು ರಾಮಸ್ವಾಮಿ ವೃತ್ತ. ದೇಶಕ್ಕೆ ಸ್ವಾತಂತ್ರ್ಯ ಬಂದು ಆಗಲೇ ಒಂದು ತಿಂಗಳಾಗಿತ್ತು. ಮೈಸೂರು ಸಂಸ್ಥಾನದ ಪ್ರಜೆಗಳಿಗೆ ಜವಾಬ್ದಾರಿ ಸರ್ಕಾರ ಇನ್ನೂ ಬಂದಿರಲಿಲ್ಲ. ನಂಜನಗೂಡು ತಾಲ್ಲೂಕಿನ ಹಳ್ಳಿಗಳು ಆ ಹೋರಾಟಕ್ಕೆ ಜನ ಕೊಟ್ಟವು, ತಗಡೂರು ರಾಮಚಂದ್ರರಾಯರಂಥ ಮುಂದಾಳನ್ನು ಕೊಟ್ಟವು. ಕೆ.ಸಿ. ರೆಡ್ಡಿ ಅವರ ಮಂತ್ರಿಮಂಡಲ ಪ್ರಮಾಣ ತೆಗೆದುಕೊಂಡದ್ದು ಆ ವರ್ಷದ ಅಕ್ಟೋಬರ್ 25ರಂದು.

ಅದೇ ತಾಲ್ಲೂಕಿನ ಬದನವಾಳು. ಗಾಂಧಿಯುಗದ ಖಾದಿ ಕೇಂದ್ರದಿಂದ ಹೆಸರಾದ ಊರು. 1993ರ ಮಾರ್ಚ್ 25ರಂದು ಆ ಊರಿನ ಮೂವರು ದಲಿತರ ಕೊಲೆಯಾಯಿತು. ಹಿನ್ನೆಲೆಯಲ್ಲಿ ಇದ್ದದ್ದು ದೇವಸ್ಥಾನ ಪ್ರವೇಶದ ಜಗಳ. ಅದೇ ವರ್ಷದ ಡಿಸೆಂಬರ್ 13ರಂದು ಪಂಚಲಿಂಗ ದರ್ಶನ ಬಂತು. ಒಂದೇ ಜಿಲ್ಲೆ, ನೆರೆಯ ತಾಲ್ಲೂಕುಗಳು, ಒಂದೇ ವರ್ಷ. ಒಂದು ಕಡೆ ಐದು ಗುಡಿಗಳ ಬಾಗಿಲಿಗೆ ಜನಸಾಗರ. ಇನ್ನೊಂದು ಕಡೆ ಒಂದು ಗುಡಿಯ ಬಾಗಿಲಿನ ನೆಪದಲ್ಲಿ ಮೂರು ಹೆಣ. 1993 ಎಂದಾಗ ಈ ಸೀಮೆಯ ಕೆಲವರಿಗೆ ನೆನಪಾಗುವುದು ಮೊದಲನೆಯದು, ಕೆಲವರಿಗೆ ಎರಡನೆಯದು. ಎರಡನ್ನೂ ಒಟ್ಟಿಗೆ ನೆನೆಯದವರ ಚರಿತ್ರೆ ನನಗೆ ಪೂರ್ತಿ ಎನಿಸುವುದಿಲ್ಲ. ರಂಗಕರ್ಮಿ ಪ್ರಸನ್ನ 2015ರಲ್ಲಿ ಸುಸ್ಥಿರ ಬದುಕಿನ ಸತ್ಯಾಗ್ರಹಕ್ಕೆ ಬದನವಾಳನ್ನೇ ಆರಿಸಿಕೊಂಡರು. ಆ ಊರಿನ ನೂಲಿನ ಜೊತೆಗೆ ಆ ಊರಿನ ನೋವೂ ಆಗ ನಾಡಿನ ಮಾತಿಗೆ ಮರಳಿತು.

ಸುಳ್ವಾಡಿಯದೂ ಅಂಥದೇ ದಿನ. ಕಾವೇರಿಯ ಆಚೆ, ಹನೂರಿನ ಕಡೆಯ ಹಳ್ಳಿ. ವಿಷವುಂಡವರನ್ನು ಆಂಬುಲೆನ್ಸುಗಳಲ್ಲಿ ತುಂಬಿ ಮೈಸೂರಿನ ಆಸ್ಪತ್ರೆಗಳಿಗೆ ತಂದ ಆ ಶುಕ್ರವಾರದ ರಾತ್ರಿಯನ್ನು ಈ ದಾರಿಯ ಊರುಗಳು ಮರೆತಿಲ್ಲ. ಅದಾದ ಸರಿಯಾಗಿ ಎರಡು ವರ್ಷಕ್ಕೆ, ಅದೇ ಡಿಸೆಂಬರ್ 14ಕ್ಕೆ, ಪಂಚಲಿಂಗ. ತಾರೀಖಿನ ಅಂಕಣ ಇವೆರಡನ್ನೂ ಪಕ್ಕಪಕ್ಕ ಕೂರಿಸಬಲ್ಲದು, ಪಂಚಾಂಗ ಕೂರಿಸಲಾರದು. ಒಂದು ಶುಕ್ಲಪಕ್ಷದಲ್ಲಿ ಆದದ್ದು, ಇನ್ನೊಂದು ಅಮಾವಾಸ್ಯೆಯಲ್ಲಿ. ಮೊದಲು ನಾನು ತಾರೀಖಿನ ಅಂಕಣವನ್ನು ಅಪರಿಚಿತರ ಛತ್ರ ಎಂದೆನಲ್ಲ, ಆ ಮಾತಿಗೆ ಇಲ್ಲಿ ತಿದ್ದುಪಡಿ ಬೇಕು. ಒಮ್ಮೊಮ್ಮೆ ಆ ಛತ್ರದಲ್ಲೇ ನೆರೆಯವರು ಎದುರುಬದುರಾಗುತ್ತಾರೆ.

ಸಾವು, ಹೋರಾಟ, ಪ್ರವಾಹ ಒಂದೇ ಸಲ ಆಗುವಂಥವು. ಅವಕ್ಕೆ ತಾರೀಖು ಬೇಕು. 1924ರ ಜುಲೈಯಲ್ಲಿ ಕಾವೇರಿ ಉಕ್ಕಿದ್ದು, 2019ರ ಆಗಸ್ಟಿನಲ್ಲಿ ಕಪಿಲೆ ನಂಜನಗೂಡಿಗೆ ನುಗ್ಗಿದ್ದು ಯಾವ ದಿನ, ನೀರು ಯಾವ ಮೆಟ್ಟಿಲಿಗೆ ಬಂತು ಎಂಬುದು ಮುಂದಿನವರಿಗೆ ಜೀವ ಉಳಿಸುವ ತಿಳಿವಳಿಕೆ. ತೇರು, ಜಾತ್ರೆ, ದರ್ಶನ ಮರಳಿ ಬರುವಂಥವು. ಅವಕ್ಕೆ ತಿಥಿ ಬೇಕು. ನಮ್ಮ ಸ್ಥಳೀಯ ಚರಿತ್ರೆ ಬರೆಯುವವರು ಎರಡರಲ್ಲಿ ಒಂದನ್ನು ಬಿಡುತ್ತಾರೆ. ಗೆಜೆಟಿಯರುಗಳಲ್ಲಿ ತಿಥಿ ಕಾಣೆ, ಕ್ಷೇತ್ರಮಹಿಮೆಯ ಪುಸ್ತಕಗಳಲ್ಲಿ ಇಸವಿ ಕಾಣೆ. ಶಾಸನ ಕೆತ್ತಿದವರು ಎರಡನ್ನೂ ಬಿಟ್ಟಿರಲಿಲ್ಲ.

ಮುಡುಕುತೊರೆ, ತಲಕಾಡು, ವಿಜಯಪುರ ಸುತ್ತಿನ ಮೇಷ್ಟರುಗಳಿಗೆ, ಕಾಲೇಜು ಹುಡುಗ ಹುಡುಗಿಯರಿಗೆ ನನ್ನದೊಂದು ಬೇಡಿಕೆ. 1952ರ ಪಂಚಲಿಂಗ ಕಂಡವರು ಇನ್ನು ಬೆರಳೆಣಿಕೆಯಷ್ಟು ಮಂದಿ. 1966ರದ್ದು ಕಂಡವರು ಜಗುಲಿಯ ಮೇಲೆ ಕೂತಿದ್ದಾರೆ. ಅವರ ಪಕ್ಕ ಕೂತು ಕೇಳಿ: ಎತ್ತಿನ ಗಾಡಿ ಎಲ್ಲಿ ಬಿಟ್ಟಿರಿ, ಹೊಳೆಯಲ್ಲಿ ನೀರು ಎಷ್ಟಿತ್ತು, ದಾಟಿದ್ದು ಹರಿಗೋಲಿನಲ್ಲೋ ದೋಣಿಯಲ್ಲೋ, ಬುತ್ತಿಗೆ ಏನು ಕಟ್ಟಿದ್ದಿರಿ, ಗುಡಿಯ ಒಳಗೆ ಯಾರನ್ನು ಬಿಟ್ಟರು, ಯಾರನ್ನು ಬಿಡಲಿಲ್ಲ. ಕೇಳಿದ್ದನ್ನು ತಿಥಿ, ವಾರ, ತಾರೀಖು ಮೂರನ್ನೂ ಹಾಕಿ ಬರೆದಿಡಿ. ಕೆಲಸಕ್ಕೆ ಹೆಚ್ಚು ವರ್ಷ ಉಳಿದಿಲ್ಲ.

ಲೆಕ್ಕದ ಪ್ರಕಾರ ಕಾರ್ತಿಕದ ಅಮಾವಾಸ್ಯೆ ಮುಂದೆ ಸೋಮವಾರ ಬೀಳುವುದು 2030ರ ನವೆಂಬರ್ 25ರಂದು. ಅಂದು ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾಗಳಲ್ಲಿ ಪೂರ್ಣ ಸೂರ್ಯಗ್ರಹಣ. ಆ ಕಾರ್ತಿಕದಲ್ಲೂ ಐದು ಸೋಮವಾರ: ಅಕ್ಟೋಬರ್ 28, ನವೆಂಬರ್ 4, 11, 18, 25.